ಹಬ್ಬದ ಸಿದ್ಧತೆಯೂ ಚಳಿಗಾಲದ ಅಡಿಗೆಯೂ

ಡಿಸೆಂಬರ್ ತಿಂಗಳು ಹುಟ್ಟಿತೆಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನಮ್ಮ ಸಭೆಗಳಲ್ಲಿ ಆರಾಧನೆ ಮುಗಿದ ಮೇಲೆ ಯಾರೂ ಬೇಗನೆ ಮನೆಗೆ ಹೋಗುವದಿಲ್ಲ. ಬಿಸಿಲು ಬೀಳುವ ಗೋಡೆಯ ಮಗ್ಗುಲಲ್ಲಿ ನಿಂತು ಸ್ನೇಹಿತರು ಮಾತಿಗೆ ತೊಡಗುವರು. “ಏನಣ್ಣಾ, ರಾಗಿ ಮೆದೆ ಹಾಕಿದ್ದಾಯಿತೇ?” ಎಂದು ಒಬ್ಬನು ಕೇಳುವನು. “ಎಲ್ಲಿಯ ಮೆದೆ ತಮ್ಮಾ, ಮೂಡಲ ದಿಕ್ಕಿನ ಮೋಡ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ” ಎಂದು ಮತ್ತೊಬ್ಬನು ಹೇಳುವನು. ತಾಯಂದಿರ ಗುಂಪಿನಲ್ಲಿ ಚಳಿಯ ಮಾತು, ಅವರೆಕಾಯಿಯ ಮಾತು, ಕಜ್ಜಾಯದ ಪಾಕದ ಮಾತು. ಅದರ ನಡುವೆ, “ಅಕ್ಕಾ, ಮಕ್ಕಳಿಗೆ ಬಟ್ಟೆ ತಂದಿರಾ?” “ಇನ್ನೂ ಇಲ್ಲ ಕಣಮ್ಮಾ, ಸಂಘದಲ್ಲಿ ಕೇಳಿದ್ದೇನೆ.”

ಈ ಕಡೆಯ ಮಾತನ್ನು ಹಗುರವಾಗಿ ಆಡಿಬಿಡುವದುಂಟು. ಸಂಘದಲ್ಲಿ ಕೇಳಿದ್ದೇನೆ ಅಂದರೆ ಸಾಲ ಕೇಳಿದ್ದೇನೆ ಎಂದೇ ಅರ್ಥವಷ್ಟೆ. ಹೊಲದಲ್ಲಿ ರಾಗಿಯೂ ಅವರೆಯೂ ಕೈಗೆ ಬರುವ ತಿಂಗಳಿನಲ್ಲಿಯೇ ನಾವು ಹಬ್ಬಕ್ಕಾಗಿ ಸಾಲ ಕೇಳುವದು ಯಾಕೆ? ಈ ತಿಂಗಳಿನ ಪಾಠದಲ್ಲಿ ಇದನ್ನೇ ವಿಚಾರಿಸೋಣ. ಆದರೆ ಸ್ನೇಹಿತರು ಮಾತಾಡುವ ಕ್ರಮದಲ್ಲಿಯೇ ಹೋಗೋಣ. ಮೊದಲು ಚಳಿ, ಆಮೇಲೆ ಅಡಿಗೆ, ಆಮೇಲೆ ಹಣ.

ನಮ್ಮ ಸೀಮೆಯು ಸಮುದ್ರಮಟ್ಟದಿಂದ ಸುಮಾರು 800 ಮೀಟರಿಗೆ ಮೇಲ್ಪಟ್ಟ ಎತ್ತರದ ಬಯಲು. ಹಿಂಗಾರು ಮಳೆಗಳು ತೀರಿದ ಮೇಲೆ ಆಕಾಶವು ತಿಳಿಯಾಗುವದು. ಮೋಡವು ಭೂಮಿಗೆ ಹೊದಿಸಿದ ಕಂಬಳಿಯಂತಿರುವದರಿಂದ, ಅದು ತೊಲಗಿದಾಗ ಭೂಮಿಯು ಹಗಲಲ್ಲಿ ಪಡೆದ ಕಾವೆಲ್ಲವನ್ನು ರಾತ್ರಿಯಲ್ಲಿ ಮೇಲಕ್ಕೆ ಬಿಟ್ಟುಬಿಡುವದು. ಆದಕಾರಣ ಮಧ್ಯಾಹ್ನದಲ್ಲಿ ಬೆನ್ನು ಸುಡುವ ಬಿಸಿಲಿದ್ದರೂ ಬೆಳಗಿನ ಜಾವದಲ್ಲಿ ಹಲ್ಲು ಕಟಕಟಿಸುವ ಚಳಿಯಿರುವದು. ಗಾಳಿಯಲ್ಲಿರುವ ತೇವವು ತಣ್ಣಗಾದ ಎಲೆಯನ್ನು ಮುಟ್ಟಿ ನೀರಾಗುವದೇ ಇಬ್ಬನಿ.

ಬೇತ್ಲೆಹೇಮ್ ಸಹ ಬೆಟ್ಟದ ಮೇಲಿನ ಊರು. ಅದರ ಎತ್ತರವು ನಮ್ಮ ಕೋಲಾರಕ್ಕಿಂತ ತುಸು ಕಡಿಮೆ, ಅಷ್ಟೇ. ಅಲ್ಲಿ ಚಳಿಗಾಲವೇ ಮಳೆಗಾಲವಾಗಿರುವದು. ನಮ್ಮಲ್ಲಿ ಚಳಿ ಬರುವಾಗ ಮಳೆ ಹೋಗಿರಬೇಕು. ಹಾಗಾದರೆ ಹಬ್ಬದ ಕಾರ್ಡುಗಳ ಮೇಲೆ ಕಾಣುವ ಮೊಣಕಾಲುದ್ದದ ಹಿಮವು ಎಲ್ಲಿಯದು? ಅದು ಯೂರೋಪಿನ ಹಿಮ. ಅಲ್ಲಿಯ ಚಿತ್ರಗಾರರು ತಮ್ಮ ಊರಿನ ಚಳಿಯನ್ನು ಬರೆದರು, ಅದರಲ್ಲಿ ತಪ್ಪಿಲ್ಲ. ಆದರೆ ನಾವು ಅರಳೆಯನ್ನು ಎಳೆದು ಗಿಡದ ಮೇಲೆ ಅಂಟಿಸಿ ಅದಿಲ್ಲದೆ ಹಬ್ಬವಾಗದೆಂದು ತಿಳಿಯಬೇಕಾದದ್ದಿಲ್ಲ. ಲೂಕನ ಸುವಾರ್ತೆಯಲ್ಲಿ ತಿಂಗಳಾಗಲಿ ತಾರೀಕಾಗಲಿ ಹೇಳಲ್ಪಟ್ಟಿಲ್ಲ. ಡಿಸೆಂಬರ್ 25ನೆಯ ತಾರೀಕು 354ನೆಯ ಇಸವಿಯಲ್ಲಿ ರೋಮಾಪುರದಲ್ಲಿ ಸಿದ್ಧವಾದ ಒಂದು ಪಂಚಾಂಗದಲ್ಲಿ ಕಾಣುತ್ತದೆ. ಅದು ಸಭೆಯು ಆರಿಸಿಕೊಂಡ ದಿನ. ನಮ್ಮ ಸೀಮೆಗೆ ಅದು ಸುಗ್ಗಿಯ ದಿನವಾಗಿ ಬಂದಿದೆ.

ಇನ್ನೊಂದು ಸಂಗತಿಯನ್ನು ನೋಡಿರಿ. ಲೂಕನ ಎರಡನೆಯ ಅಧ್ಯಾಯದಲ್ಲಿ ಹೊಲದಲ್ಲಿ ರಾತ್ರಿ ಮಂದೆ ಕಾಯುವ ಕುರುಬರ ಸಂಗತಿಯಿದೆ. ನಮ್ಮಲ್ಲಿ ರಾಗಿ ಕೊಯ್ದ ಮೇಲೆ ಹೊಲದ ಕೂಳೆಯಲ್ಲಿ ಕುರಿಮಂದೆ ಹಾಕಿಸುವ ವಾಡಿಕೆಯುಂಟು. ಗೊಬ್ಬರಕ್ಕಾಗಿ ಹೊಲದ ಯಜಮಾನನು ಕುರಿಯವರಿಗೆ ಕಾಳನ್ನೋ ಹಣವನ್ನೋ ಕೊಡುವನು. ಅವರು ಕಂಬಳಿ ಹೊದ್ದು, ಬೆಂಕಿ ಹಾಕಿಕೊಂಡು, ಬಯಲಲ್ಲಿ ರಾತ್ರಿ ಕಳೆಯುವರು. ಹಬ್ಬದ ಮುಂಚೆ ಹಾಡುತ್ತಾ ಊರೂರು ತಿರುಗುವ ನಮ್ಮ ಯೌವನಸ್ಥರು ಇಂಥ ಮಂದೆಗಳನ್ನು ದಾಟಿ ಹೋಗುವದುಂಟು. ಕಾರ್ಡಿನ ಚಿತ್ರಕ್ಕಿಂತ ಇದು ಸುವಾರ್ತೆಯ ಕಥೆಗೆ ಎಷ್ಟೋ ಹತ್ತಿರ. (ಮಂದೆಯ ಬಳಿ ತಮಟೆ ಬಡಿದು ಕುರಿಗಳನ್ನು ಬೆದರಿಸದಿದ್ದರೆ ಒಳ್ಳೇದು.)

ಚಳಿಯನ್ನು ಬೈಯುವದು ಸುಲಭ. ಆದರೆ ನಮ್ಮ ಹಬ್ಬದ ಎಲೆಯ ಮೇಲೆ ಬರುವದೆಲ್ಲಾ ಆ ಚಳಿಯ ಕೈಯಿಂದಲೇ ಬರುವದು. ನಾಡ ಅವರೆಯು ಹಗಲು ಕುಗ್ಗುತ್ತಾ ರಾತ್ರಿ ಬೆಳೆಯುತ್ತಾ ಬಂದಾಗಲೇ ಹೂ ಬಿಡುವ ಗಿಡ. ರಾಗಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಬಿತ್ತಿದ ಅವರೆಯು, ರಾಗಿಯನ್ನು ಕೊಯ್ದ ಮೇಲೆ ಹೊಲವೆಲ್ಲಾ ತನ್ನದೇ ಎಂಬಂತೆ ಹರಡಿ ಕಾಯಿ ಕಟ್ಟುವದು. ಇಬ್ಬನಿ ಬಿದ್ದ ಹೊರತು ಕಾಯಿಗೆ ಸೊಗಡು ಬಾರದೆಂದು ಹಿರಿಯರು ಹೇಳುವರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳ ಅವರೆಯೆಂಬ ತಳಿಗಳನ್ನು ಹೊರಡಿಸಿದ ಮೇಲೆ ವರ್ಷವೆಲ್ಲಾ ಅವರೆಕಾಯಿ ಸಿಕ್ಕುವದು. ರೈತನಿಗೆ ಅದರಿಂದ ಲಾಭವೇ. ಆದರೂ ಕೈಗೆ ಅಂಟುವ ಆ ಸೊಗಡಿನ ವಾಸನೆ ಬೇಕಾದವರು ಡಿಸೆಂಬರಿನ ನಾಡ ಕಾಯಿಯನ್ನೇ ಹುಡುಕುವರು. ನಾವೂ ಆ ಪಕ್ಷದವರೇ.

ಶ್ರೀನಿವಾಸಪುರದ ಸಹೋದರರು ಇದೇ ಚಳಿಯನ್ನು ಬೇರೆ ಕಣ್ಣಿನಿಂದ ನೋಡುವರು. ಮಳೆಯಿಲ್ಲದ ಒಣ ಹವೆಯೂ ರಾತ್ರಿಯ ತಂಪೂ ಕೆಲವು ವಾರ ನಿಂತರೆ ಮಾವಿನ ಮರವು ಚಿಗುರು ಬಿಡುವದನ್ನು ನಿಲ್ಲಿಸಿ ಹೂ ಬಿಡುವದು. ಮೋಡ ಕವಿದು ಮಂಜು ಮುಸುಕಿದರೆ ಹೂವಿಗೆ ಬೂದಿರೋಗವೂ ಜಿಗಿಹುಳುವೂ ತಗಲುವ ಭಯವಿರುವದು. ಅವರು ಹಬ್ಬದ ಬೆಳಿಗ್ಗೆ ಮೊದಲು ನೋಡುವದು ತೋಪಿನ ಕೊನೆಗಳನ್ನು.

ಕೊಯ್ದ ರಾಗಿಗೂ ಅದೇ ಭಯ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅದರ ಬಾಲವು ನಮ್ಮ ಕಣದ ಮೇಲೆ ಬೀಳುವದು. 2021ರ ನವೆಂಬರಿನಲ್ಲಿ ಎಡೆಬಿಡದೆ ಸುರಿದ ಮಳೆಯಿಂದ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಹರಿದವು. ಬಹು ವರ್ಷಗಳ ಬಳಿಕ ಕೆರೆ ತುಂಬಿತೆಂದು ಒಂದು ಕಡೆ ಸಂತೋಷ, ಹೊಲದಲ್ಲಿ ಮಲಗಿದ ರಾಗಿಯ ತೆನೆಯು ಮೊಳಕೆಯೊಡೆಯಿತೆಂದು ಮತ್ತೊಂದು ಕಡೆ ದುಃಖ. ಮಳೆಗೆ ಹೆದರಿ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ಬಂಡಿ ಮೋಟಾರುಗಳ ಚಕ್ರದಿಂದ ತುಳಿಸುವ ರೂಢಿಯು ಹೆಚ್ಚಿದೆ. ಹಬ್ಬಕ್ಕೆ ಬರುವ ಸೈಕಲ್ ಮೋಟಾರಿನವರು ಅದರ ಮೇಲೆ ಜಾರಿ ಬೀಳುವರು. ಕಣವಿದ್ದವರು ಕಣದಲ್ಲಿಯೇ ಒಕ್ಕಲಿ.

ಈಗ ಅಡಿಗೆಯ ಮಾತು. ಕೋಲಾರ ಚಿನ್ನದ ಗಣಿಯಲ್ಲಿ ಇಂಗ್ಲಿಷರೂ ಆಂಗ್ಲೋ ಇಂಡಿಯನ್ನರೂ ಇದ್ದ ಕಾಲದಿಂದ ಒಣದ್ರಾಕ್ಷಿಯ ಕೇಕೂ ಅಚ್ಚಿನಲ್ಲಿ ಅದ್ದಿ ಕರಿಯುವ ಹೂವಿನಂಥ ತಿಂಡಿಯೂ ನಮ್ಮ ಸೀಮೆಗೆ ಪರಿಚಯವಾದವು. ಗಣಿಯು 2001ರಲ್ಲಿ ಮುಚ್ಚಿತು. ಕೇಕು ಮಾತ್ರ ಹಳ್ಳಿಯ ಅಂಗಡಿಯ ವರೆಗೂ ಬಂದಿದೆ. ಅದನ್ನು ದೂಷಿಸುವದಕ್ಕೆ ನಾವು ಬರೆಯುತ್ತಿಲ್ಲ, ನಮಗೂ ಅದು ರುಚಿಸುತ್ತದೆ. ನಮ್ಮ ಆಕ್ಷೇಪಣೆ ಇಷ್ಟೇ: ಪಟ್ಟಣದಿಂದ ನೆಂಟರು ಬಂದಾಗ ಮುದ್ದೆಯ ಪಾತ್ರೆಯನ್ನು ಒಳಗೆ ಮುಚ್ಚಿಟ್ಟು ಬಾಡಿಗೆಯ ಅಡಿಗೆಯವನಿಂದ ಬಿರಿಯಾನಿ ಮಾಡಿಸುವ ಲಜ್ಜೆ ಯಾಕೆ? ನರಸಾಪುರ, ವೇಮಗಲ್ಲು, ಮಾಲೂರುಗಳ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ ಮಾಡುವ ನಮ್ಮ ಮಕ್ಕಳು, ಬೆಂಗಳೂರಿನಲ್ಲಿ ಕೋಣೆ ಹಿಡಿದು ಹೋಟೆಲಿನಲ್ಲಿ ಉಣ್ಣುವ ಮಕ್ಕಳು, ಊರಿಗೆ ಬಂದು ಬಾಗಿಲಲ್ಲಿ ಚೀಲವಿಡುವ ಮುಂಚೆಯೇ ಕೇಳುವದೇನು? “ಅಮ್ಮಾ, ಅವರೆಕಾಳು ಸಾರು ಮಾಡಿದ್ದೀಯಾ?” ಬಿರಿಯಾನಿಯನ್ನು ಅವರು ಕೇಳುವದಿಲ್ಲ, ಅದು ಅವರ ಕಾರ್ಖಾನೆಯ ಬಾಗಿಲಲ್ಲಿಯೇ ಸಿಕ್ಕುವದು.

ಮುದ್ದೆಯ ವಿಷಯವಾಗಿ ತಿಳಿಯತಕ್ಕದ್ದೂ ಇದೆ. 100 ಗ್ರಾಮು ರಾಗಿಯಲ್ಲಿ ಎಲುಬನ್ನು ಕಟ್ಟುವ ಸುಣ್ಣದ ಅಂಶವು ಸುಮಾರು 340 ಮಿಲಿಗ್ರಾಮು ಇದ್ದರೆ, ಬಿಳಿ ಅಕ್ಕಿಯಲ್ಲಿ ಸುಮಾರು 10 ಮಾತ್ರ. ಅವರೆಯ ಬೇಳೆಯು ಮಾಂಸವನ್ನು ಬೆಳೆಸುವ ಸತ್ವವನ್ನು ಕೊಡುವದು. ಸಂಯುಕ್ತ ರಾಷ್ಟ್ರಗಳವರು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಲೋಕಕ್ಕೆಲ್ಲಾ ಸಾರಿದರು. ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ರಾಗಿ ಹಿಟ್ಟು ಅಂದವಾದ ಡಬ್ಬಿಗಳಲ್ಲಿ ಮಾರುವದು. ನಾವು ಮುಚ್ಚಿಡುವ ಪಾತ್ರೆಯೊಳಗಿನದನ್ನೇ ಅವರು ಹಣ ಕೊಟ್ಟು ಕೊಳ್ಳುವರು.

ಇದಕ್ಕಿಂತ ಆಳವಾದ ಕಾರಣವೂ ನಮ್ಮ ಸಭೆಗಳಿಗೆ ಉಂಟು. 1876ರಿಂದ 1878ರ ವರೆಗೆ ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಸಂವತ್ಸರಗಳ ಘೋರವಾದ ಬರ ಬಿದ್ದಿತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆಯು 1881ರಲ್ಲಿ 42 ಲಕ್ಷದ ಒಳಗೆ ಇಳಿದಿತ್ತು. ಆ ದಿನಗಳಲ್ಲಿ ಮಿಸ್ ಆನ್‌ಸ್ಟೆ ಎಂಬ ಇಂಗ್ಲಿಷ್ ಸೇವಕಿಯವರು ತಂದೆತಾಯಿಗಳನ್ನು ಕಳಕೊಂಡ ಮಕ್ಕಳನ್ನು ಕೋಲಾರದಲ್ಲಿ ಸೇರಿಸಿಕೊಂಡು ಸಾಕಿದರು. 1890ರಲ್ಲಿ ಆ ಕೆಲಸವು ಅಮೇರಿಕದ ಮೆಥೊಡಿಸ್ಟ್ ಮಿಶನ್ನಿನ ಕೈಸೇರಿತು. ಕೋಲಾರದ ಹಳೆಯ ಕ್ರೈಸ್ತ ಮನೆತನಗಳಲ್ಲಿ ಆ ಮಕ್ಕಳ ಸಂತತಿಯವು ಇರುವವು. ಹೊಟ್ಟೆ ಬೆನ್ನಿಗೆ ಹತ್ತಿದ ಮಗುವಿಗೆ ಒಂದು ಬೋಗುಣಿ ಗಂಜಿಯು ಏನಾಗಿತ್ತೆಂಬದನ್ನು ಆ ಮನೆತನದವರಿಗೆ ನಾವು ಹೇಳಿಕೊಡಬೇಕೇ? ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದಿರುವ ಧಾನ್ಯವೆಂದು ರಾಗಿಯನ್ನು ನಮ್ಮ ಹಿರಿಯರು ಬಂಗಾರದಂತೆ ಎಣಿಸಿದ್ದರು.

ಹಣದ ಮಾತಿಗೆ ಬರೋಣ. ಹಬ್ಬಕ್ಕಾಗಿ ಒಬ್ಬನು 10,000 ರೂಪಾಯಿ ಕೈಸಾಲ ಮಾಡಿದನೆಂದು ಎಣಿಸಿರಿ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 500. ಮುಂದಿನ ಹಬ್ಬದ ಹೊತ್ತಿಗೆ ಬಡ್ಡಿಯೊಂದೇ 6,000, ಅಸಲು ಹಾಗೆಯೇ ನಿಂತಿರುವದು. 2024-25ನೆಯ ಸಾಲಿಗೆ ಸರಕಾರವು ಕ್ವಿಂಟಾಲು ರಾಗಿಗೆ 4,290 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿತ್ತು. ಆ ಲೆಕ್ಕದಲ್ಲಿ ಬಡ್ಡಿಗೆ ಹೋದದ್ದು ಸುಮಾರು 140 ಕಿಲೋ ರಾಗಿ. ಸಣ್ಣ ಸಂಸಾರಕ್ಕೆ ಅದು ಎಷ್ಟು ತಿಂಗಳಿನ ಊಟವೆಂಬದನ್ನು ಮನೆಯ ಯಜಮಾನಿಯನ್ನೇ ಕೇಳಿರಿ. ಕಿರುಸಾಲದ ಕಂಪನಿಗಳವರ ವಾರದ ಕಂತಿಗೆ ಹೆದರಿ ಮನೆಗೆ ಬೀಗ ಹಾಕಿ ಹೋದವರ ಸುದ್ದಿಗಳು ಹೆಚ್ಚಿದ್ದರಿಂದ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಕಾಯಿದೆಯು ಬಾಗಿಲು ಬಡಿಯುವವನನ್ನು ತಡೆಯಬಹುದು; ಕಂತನ್ನು ಕಟ್ಟಲಾರದು.

ಹಾಗಾದರೆ ಮಕ್ಕಳಿಗೆ ಹೊಸ ಬಟ್ಟೆ ಬೇಡವೇ ಎಂದು ತಾಯಂದಿರು ಕೇಳುವರು. ಬೇಕು. ಸೀಮೆಹಸುವಿನ ಹಾಲನ್ನು ಡೈರಿಗೆ ಹಾಕುವ ಮನೆಗಳವರು ಹದಿನೈದು ದಿನಕ್ಕೊಂದು ಬಟವಾಡೆಯಲ್ಲಿ 100 ರೂಪಾಯಿಯನ್ನು ಜುಲೈಯಿಂದ ತೆಗೆದಿಡುತ್ತಾ ಬಂದರೆ ಡಿಸೆಂಬರಿನ ನಡುವಿಗೆ ಸಾವಿರದ ಮೇಲಾಗುವದು. ಅದು ದೊಡ್ಡ ಮೊತ್ತವಲ್ಲ. ಆದರೆ ಎರಡು ಮಕ್ಕಳ ಬಟ್ಟೆಗೆ ಸಾಕಾಗಬಹುದು, ಮತ್ತು ಅದಕ್ಕೆ ಬಡ್ಡಿಯಿಲ್ಲ. ದೊಡ್ಡವರು ಒಗೆದ ಬಟ್ಟೆಯಲ್ಲಿ ಆರಾಧನೆಗೆ ಬಂದರೆ ಯಾರ ಭಕ್ತಿಯೂ ಕುಂದುವದಿಲ್ಲ.

ಹಬ್ಬದ ಊಟಕ್ಕೆ ಯಾರು ಯಾರು ಎಂಬದನ್ನೂ ಮುಂಚಿತವಾಗಿ ನಿಶ್ಚಯಿಸಿಕೊಳ್ಳಬೇಕು. ಆ ವರ್ಷ ಸಾವಾದ ಮನೆಯಲ್ಲಿ ಬಾಣಲೆ ಇಡುವದಿಲ್ಲ. ಅವರಿಗೆ ತಿಂಡಿಯು ನೆರೆಮನೆಯಿಂದ ಹೋಗತಕ್ಕದ್ದು. ಒಂಟಿಯಾದ ವೃದ್ಧೆಗೆ ಕರಿದ ತಿಂಡಿಗಿಂತ ಬಿಸಿ ಮುದ್ದೆಯೇ ಹಿತ, ಹಲ್ಲಿನ ಕೆಲಸವಿಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುವ ಹೆಣ್ಣುಮಕ್ಕಳಿಗೆ ಆರಾಧನೆ ತಪ್ಪಬಹುದು, ಊಟವು ತಪ್ಪಬಾರದು. ಕೂಳೆಯಲ್ಲಿ ಮಂದೆ ಹಾಕಿದ ಕುರಿಯವರನ್ನು ಈ ಪಟ್ಟಿಯಲ್ಲಿ ಸೇರಿಸಿದವರು ಬಹಳ ಮಂದಿಯಿಲ್ಲ. ಸಾಲದ ಬಿರಿಯಾನಿಯನ್ನು ಎಣಿಸಿ ಎಣಿಸಿ ಬಡಿಸಬೇಕಾಗುವದು. ಸ್ವಂತ ಹೊಲದ ಸಾರಿಗೆ ಇನ್ನೊಂದು ಸೇರು ಕಾಳು ಹಾಕಿದರೆ ಇನ್ನಿಬ್ಬರಿಗಾಗುವದು.

ಕಡೆಗೆ ಕೆಲಸದ ಕ್ರಮ. ಕಜ್ಜಾಯಕ್ಕೆ ನೆನೆಸಿದ ಅಕ್ಕಿಯನ್ನು ಹಸಿಯಾಗಿಯೇ ಕುಟ್ಟಿ ಬೆಲ್ಲದ ಪಾಕಕ್ಕೆ ಕಲಸಿದ ಮೇಲೆ ಚಳಿಯಲ್ಲಿ ಒಂದು ದಿನ ಹೆಚ್ಚಾಗಿಯೇ ಬಿಡಬೇಕು. ಆದಕಾರಣ 21ನೆಯ ತಾರೀಕಿಗೆ ಕಲಸಿರಿ. ಎಣ್ಣೆಗೆ ಕೈ ಬಿಗಿಯಾದ ಮನೆಯವರು ರಾಗಿಯ ಹುರಿಹಿಟ್ಟಿಗೆ ಬೆಲ್ಲವನ್ನೂ ಕಾಯಿತುರಿಯನ್ನೂ ತುಸು ತುಪ್ಪವನ್ನೂ ಬೆರಸಿ ಉಂಡೆ ಕಟ್ಟಲಿ. ಹಾಡುತ್ತಾ ಬರುವ ಮಂಡಳಿಯವರಿಗೆ ಬಿಸಿ ಕಾಫಿಯ ಜೊತೆಗೆ ಅದಕ್ಕಿಂತ ಒಳ್ಳೇದಿಲ್ಲ. 24ನೆಯ ಸಾಯಂಕಾಲ ಕಾಯಿಯನ್ನು ಸುಲಿದು ಕಾಳನ್ನು ನೀರಿನಲ್ಲಿ ನೆನೆಹಾಕಿರಿ. ರಾತ್ರಿಯ ಆರಾಧನೆಯಿಂದ ಬಂದವರು ಒಲೆಯ ಸುತ್ತಲೂ ಕೂತು ಒಂದೊಂದೇ ಕಾಳನ್ನು ಬೆರಳಿನಿಂದ ಹಿತಕಿದರೆ ಸಿಪ್ಪೆ ಕಳಚಿ ಬೇಳೆಯು ಜಾರಿ ಬರುವದು. ಇದನ್ನೇ ಹಿತಕಿದ ಬೇಳೆಯೆನ್ನುವರು. ಶ್ರೀನಿವಾಸಪುರ ಮುಳಬಾಗಿಲುಗಳ ತೆಲುಗು ಮನೆಗಳಲ್ಲಿ ಪಿತಿಕಿಪಪ್ಪು. ಇದು ಒಬ್ಬಳೇ ಹೆಂಗಸು ನಡುರಾತ್ರಿಯ ವರೆಗೆ ಮಾಡತಕ್ಕ ಕೆಲಸವಲ್ಲ. ಗಂಡಸರಿಗೂ ಹತ್ತು ಬೆರಳುಗಳಿರುವವು, ಮಕ್ಕಳಿಗೆ ಇದು ಆಟ. ಬೆಳಿಗ್ಗೆ ಕಾಯಿ, ಧನಿಯ, ಚಕ್ಕೆ, ಲವಂಗ, ಬೆಳ್ಳುಳ್ಳಿಯನ್ನು ಅರೆದ ಮಸಾಲೆಯಲ್ಲಿ ಬೇಳೆಯನ್ನು ಬೇಯಿಸಿರಿ. ಮಾಂಸ ತಂದವರು ಮಾಂಸವು ಮುಕ್ಕಾಲು ಬೆಂದ ಮೇಲೆ ಬೇಳೆಯನ್ನು ಹಾಕಲಿ, ಇಲ್ಲವಾದರೆ ಕರಗಿಹೋಗುವದು. ಮುದ್ದೆಯನ್ನು ಮಾತ್ರ ಆರಾಧನೆಯಿಂದ ಬಂದ ಮೇಲೆಯೇ ತೊಳಸಿರಿ. ಆರಿದ ಮುದ್ದೆಯನ್ನು ನೆಂಟರ ಮುಂದೆ ಇಡಬಾರದು.