ಕ್ರಿಯಾಟಿನಿನ್ ನಾರ್ಮಲ್, ಹಾಗಂತ ಕಿಡ್ನಿಯೂ ನಾರ್ಮಲ್ಲಾ?

ಲ್ಯಾಬ್ ರಿಪೋರ್ಟ್ ಕೈಗೆ ಬಂದೊಡನೆ ಮನೆಮಂದಿಯ ಕಣ್ಣು ಹೋಗುವುದು ದಪ್ಪಕ್ಷರದ ಅಂಕಿಗಳ ಮೇಲೆ. ಅವುಗಳಲ್ಲಿ ಕ್ರಿಯಾಟಿನಿನ್ ಇಲ್ಲವೆಂದರೆ ‘ಕಿಡ್ನಿ ಚೆನ್ನಾಗಿದೆ’ ಎಂದು ಕಾಗದ ಮಡಚಿಡುತ್ತಾರೆ. ಎಪ್ಪತ್ತು ದಾಟಿದವರ ವಿಷಯದಲ್ಲಿ ಇದು ಅವಸರದ ತೀರ್ಮಾನ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಅದನ್ನು ರಕ್ತದಿಂದ ಸೋಸಿ ಹೊರಹಾಕುವುದು ಮೂತ್ರಪಿಂಡ. ವಯಸ್ಸಾದಂತೆ ಸ್ನಾಯು ಕರಗಿ, ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆಯಾಗುತ್ತದೆ. ಹಾಗಾಗಿ ಸೋಸುವ ಶಕ್ತಿ ಕುಗ್ಗಿದ್ದರೂ ಅಂಕಿ ಗಡಿ ದಾಟದೆ ಇರಬಹುದು.

ಪರೀಕ್ಷೆಗೆ ಮುನ್ನ: ಹಿಂದಿನ ರಾತ್ರಿ ಮಾಂಸದೂಟ ಬೇಡ, ಅದು ಕ್ರಿಯಾಟಿನಿನ್ ಏರಿಸುತ್ತದೆ. ‘ಖಾಲಿ ಹೊಟ್ಟೆ’ ಎಂದರೆ ನೀರೂ ಮುಟ್ಟಬಾರದು ಎಂದುಕೊಂಡು ಬಾಯಾರಿ ಕೂರುವ ಹಿರಿಯರು ಬಹಳ. ನೀರು ಕಡಿಮೆಯಾದರೆ ಯೂರಿಯಾ, ಕ್ರಿಯಾಟಿನಿನ್ ಎರಡೂ ಏರುತ್ತವೆ. ವೈದ್ಯರು ನೀರಿಗೆ ಮಿತಿ ಹಾಕಿಲ್ಲದಿದ್ದರೆ ಕುಡಿದೇ ಹೋಗಲಿ.

ಇಜಿಎಫ್‌ಆರ್ ಹುಡುಕಿ: ಕ್ರಿಯಾಟಿನಿನ್ ಜೊತೆಗೆ ವಯಸ್ಸು, ಲಿಂಗ ಸೇರಿಸಿ ಸೋಸುವ ವೇಗವನ್ನು ಅಂದಾಜು ಮಾಡುವ ಲೆಕ್ಕ ಇದು. 2021ರ ಸಿಕೆಡಿ-ಇಪಿಐ ಸೂತ್ರದ ಪ್ರಕಾರ, ಕ್ರಿಯಾಟಿನಿನ್ 1.1 ಇರುವ 30 ವರ್ಷದ ಮೊಮ್ಮಗನ ಇಜಿಎಫ್‌ಆರ್ ಸುಮಾರು 93. ಅದೇ 1.1 ಇರುವ 75ರ ಅಜ್ಜಿಯದು ಸುಮಾರು 52. ಅನೇಕ ಲ್ಯಾಬ್‌ಗಳಲ್ಲಿ ಈ 1.1 ಇಬ್ಬರಿಗೂ ‘ನಾರ್ಮಲ್’! ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಚ್ಚಾಗಿಲ್ಲದಿದ್ದರೆ ಕೇಳಿ ಪಡೆಯಿರಿ. ಅದಕ್ಕಾಗಿ ಮತ್ತೆ ರಕ್ತ ಕೊಡಬೇಕಿಲ್ಲ.

ಮೂತ್ರವನ್ನೂ ಕೊಡಿ: ರಕ್ತ ಹೇಳುವುದು ಅರ್ಧ ಕಥೆ. ಬೆಳಗಿನ ಮೊದಲ ಮೂತ್ರದಲ್ಲಿ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಅಂದರೆ ಎಸಿಆರ್, ನೋಡಿಸಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಅಲ್ಬುಮಿನ್ ಇದ್ದರೆ ಸೋಸುವ ಭಾಗಕ್ಕೆ ಪೆಟ್ಟು ಬಿದ್ದಿರುವ ಸೂಚನೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇಜಿಎಫ್‌ಆರ್ ಇಳಿಯುವ ಮೊದಲೇ ಇದು ಏರಿರಬಹುದು.

ಒಂದೇ ರಿಪೋರ್ಟಿಗೆ ಹೆದರಬೇಡಿ: ಇಜಿಎಫ್‌ಆರ್ 60ಕ್ಕಿಂತ ಕಡಿಮೆ ಅಥವಾ ಎಸಿಆರ್ ಹೆಚ್ಚು, ಇವುಗಳಲ್ಲಿ ಒಂದಾದರೂ ಮೂರು ತಿಂಗಳು ಮುಂದುವರಿದರೆ ಮಾತ್ರ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಭೇದಿ, ಜ್ವರದ ನಂತರ ಅಂಕಿ ತಾತ್ಕಾಲಿಕವಾಗಿ ಕೆಡಬಹುದು. ಆದರೆ ಮೂತ್ರ ದಿಢೀರನೆ ಕಡಿಮೆಯಾದರೆ, ಅಂಕಿ ಸರ್ರನೆ ಏರಿದರೆ ಮೂರು ತಿಂಗಳು ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಹಳೆಯ ರಿಪೋರ್ಟುಗಳನ್ನು ಎಸೆಯದೆ, ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಮುಂದೆ ಇಜಿಎಫ್‌ಆರ್ ಬರೆದಿಡಿ. ವಯಸ್ಸಿನಿಂದಾಗಿ ವರ್ಷಕ್ಕೆ ಸುಮಾರು ಒಂದು ಅಂಕ ಇಳಿಯುವುದು ಸಹಜ. ಐದಕ್ಕಿಂತ ಹೆಚ್ಚು ಇಳಿಯುತ್ತಾ ಹೋದರೆ ಕಿಡ್ನಿ ತಜ್ಞರನ್ನು ಕಾಣಬೇಕು. ಡಾಕ್ಟರಿಗೆ ಹತ್ತು ಪ್ಲಾಸ್ಟಿಕ್ ಕವರ್‌ಗಳಿಗಿಂತ ಆ ಒಂದು ಪುಟ ಹೆಚ್ಚು ಉಪಯೋಗ.

ಅನುಮಾನ ಉಳಿದರೆ ಸಿಸ್ಟಾಟಿನ್ ಸಿ: ಇದು ದೇಹದ ಬಹುತೇಕ ಎಲ್ಲ ಜೀವಕೋಶಗಳೂ ತಯಾರಿಸುವ ಪ್ರೋಟೀನ್. ಸ್ನಾಯುವಿನ ಹಂಗು ಕಡಿಮೆಯಾದ್ದರಿಂದ ತೀರಾ ಸೊರಗಿದ, ಹಾಸಿಗೆ ಹಿಡಿದ ಹಿರಿಯರಿಗೆ ಒಳ್ಳೆಯ ಪರೀಕ್ಷೆ. ಎರಡೂ ಅಂಕಿ ಸೇರಿಸಿ ಲೆಕ್ಕ ಹಾಕಿದರೆ ಅಂದಾಜು ಇನ್ನಷ್ಟು ನಿಖರ. ಥೈರಾಯ್ಡ್ ಸಮಸ್ಯೆ, ಸ್ಟಿರಾಯ್ಡ್ ಮಾತ್ರೆ, ಧೂಮಪಾನ ಇದ್ದರೆ ಮೊದಲೇ ಹೇಳಿ, ಅವು ಇದನ್ನೂ ಏರುಪೇರು ಮಾಡುತ್ತವೆ. ಎಲ್ಲರಿಗೂ ಬೇಕಾದ ಪರೀಕ್ಷೆಯಂತೂ ಅಲ್ಲ.

ಮಾತ್ರೆಗಳ ಚೀಲ ಒಯ್ಯಿರಿ: ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಿಡ್ನಿಯ ರಕ್ತಸಂಚಾರವನ್ನೇ ತಗ್ಗಿಸಬಲ್ಲವು. ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ನಿಲ್ಲಿಸುತ್ತಾರೆ. ಲೊಸಾರ್ಟನ್, ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆಗಳು ಶುರುವಿನಲ್ಲಿ ಕ್ರಿಯಾಟಿನಿನ್ ತುಸು ಏರಿಸಿದರೂ ಕಿಡ್ನಿ ಕಾಯುವ ಮಾತ್ರೆಗಳವು; ವೈದ್ಯರನ್ನು ಕೇಳದೆ ಬಿಡಬೇಡಿ. ಬಿ.ಪಿ.ಗೆ ಒಳ್ಳೆಯದೆಂದು ‘ಲೋ ಸೋಡಿಯಂ’ ಉಪ್ಪು ತಂದಿದ್ದರೆ ಅದನ್ನೂ ಹೇಳಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಈ ಮಾತ್ರೆಗಳ ಜೊತೆ, ಸೊರಗಿದ ಕಿಡ್ನಿಯಲ್ಲಿ, ರಕ್ತದ ಪೊಟ್ಯಾಸಿಯಂ ಹೃದಯ ಬಡಿತ ತಪ್ಪಿಸುವಷ್ಟು ಏರಬಹುದು.