ಸತುವು ಮತ್ತು ಮಗುವಿನ ರೋಗನಿರೋಧಕ ಶಕ್ತಿ

ಸತುವು ಎಂದೊಡನೆ ನೆನಪಿಗೆ ಬರುವುದು ಕಬ್ಬಿಣದ ತಗಡಿಗೆ ತುಕ್ಕು ಹಿಡಿಯದಂತೆ ಮಾಡುವ ಲೇಪ. ಇದೇ ಲೋಹವು ನಮ್ಮ ದೇಹದಲ್ಲಿಯೂ ಇರುವುದೆಂಬುದು ಹಲವರಿಗೆ ತಿಳಿಯದು. ವಯಸ್ಕರ ದೇಹದಲ್ಲಿ ಇದರ ಒಟ್ಟು ತೂಕ ಸುಮಾರು 2 ಗ್ರಾಂ ಮಾತ್ರ. ಆದರೂ ಇದರ ಕೊರತೆಯಾದರೆ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ; ಸೋಂಕುಗಳು ಮೇಲಿಂದ ಮೇಲೆ ಬಾಧಿಸುತ್ತವೆ.

ಆಹಾರದಲ್ಲಿನ ಸತುವು ಅಯಾನು ಎಂಬ ವಿದ್ಯುದಂಶವುಳ್ಳ ಕಣದ ರೂಪದಲ್ಲಿ ದೇಹವನ್ನು ಸೇರುತ್ತದೆ. ಜೀವಕೋಶದ ಪೊರೆಯನ್ನು ಅದು ತಾನಾಗಿ ದಾಟಲಾರದು. ಆದುದರಿಂದ ಪೊರೆಯಲ್ಲಿ ಬಾಗಿಲುಗಳಂತಿರುವ ಪ್ರೋಟೀನುಗಳಿವೆ. ಒಳಕ್ಕೆ ಬಿಡುವ ಬಾಗಿಲು ಬೇರೆ, ಹೊರಕ್ಕೆ ಕಳುಹಿಸುವ ಬಾಗಿಲು ಬೇರೆ. ರೋಗಾಣುವಿನ ಸುಳಿವು ದೊರೆತಾಗ ಟಿ-ಕಣ ಎಂಬ ಬಿಳಿ ರಕ್ತಕಣದೊಳಕ್ಕೆ ಈ ಬಾಗಿಲಿನ ಮೂಲಕ ಸತುವು ಹರಿದು, ಎಚ್ಚರಿಕೆಯ ಸಂಕೇತವನ್ನು ಬಲಪಡಿಸುತ್ತದೆ. ಅನಂತರ ಆ ಕಣವು ಒಂದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಸಿ ಹೋರಾಟಕ್ಕೆ ತೊಡಗುತ್ತದೆ. ಸತುವು ಸಾಲದಿದ್ದರೆ ಸಂಕೇತವು ಕ್ಷೀಣಿಸುತ್ತದೆ.

ಕೆಲವು ಶಿಶುಗಳಲ್ಲಿ ಕರುಳಿನಲ್ಲಿರುವ ಇಂತಹ ಬಾಗಿಲೊಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಇದು ಬಹಳ ಅಪರೂಪ. ತಾಯಿಯ ಹಾಲಿನಲ್ಲಿರುವ ಸತುವು ಸುಲಭವಾಗಿ ಮೈಗೂಡುವುದರಿಂದ, ಎದೆಹಾಲು ಕುಡಿಯುವವರೆಗೆ ಸಾಮಾನ್ಯವಾಗಿ ರೋಗವು ಅಡಗಿರುತ್ತದೆ. ಹಾಲು ಬಿಡಿಸಿದ ಕೆಲವು ವಾರಗಳಲ್ಲಿಯೇ ಬಾಯಿ ಮತ್ತು ಗುದದ್ವಾರದ ಸುತ್ತ, ಕೈಕಾಲುಗಳ ಮೇಲೆ ಹುಣ್ಣುಗಳೇಳುತ್ತವೆ, ಭೇದಿ ನಿಲ್ಲುವುದಿಲ್ಲ, ಕೂದಲು ಉದುರುತ್ತದೆ. ಹಿಂದೆ ಇಂತಹ ಮಕ್ಕಳಲ್ಲಿ ಅನೇಕರು ಸಾಯುತ್ತಿದ್ದರು. ಸತುವಿನ ಔಷಧದಿಂದ ಅವರು ಚೇತರಿಸಿಕೊಳ್ಳುವರೆಂಬುದನ್ನು 1973ರಲ್ಲಿ ಇಂಗ್ಲೆಂಡಿನ ಬಾರ್ನ್ಸ್ ಮತ್ತು ಮೊಯ್ನಹಾನ್ ಎಂಬ ವೈದ್ಯರು ತೋರಿಸಿಕೊಟ್ಟರು. ದೋಷವಿರುವುದು ಯಾವ ಪ್ರೋಟೀನಿನಲ್ಲಿ ಎಂಬುದು 2002ರಲ್ಲಿ ತಿಳಿಯಿತು. ಔಷಧವನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ.

ದೋಷವು ತಂದೆ ತಾಯಿ ಇಬ್ಬರಲ್ಲಿಯೂ ಗುಪ್ತವಾಗಿದ್ದರೆ ಮಾತ್ರ ಈ ರೋಗವು ಮಗುವಿಗೆ ಬರುತ್ತದೆ. ಅಂತಹ ದಂಪತಿಗಳಿಗೆ ಪ್ರತಿ ಹೆರಿಗೆಯಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ಸೋದರಮಾವ ಅಥವಾ ಸೋದರತ್ತೆಯ ಮಗನೊಡನೆ ನಡೆಯುವ ವಿವಾಹಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಆದುದರಿಂದ ಸೊಸೆಯೊಬ್ಬಳನ್ನೇ ದೂಷಿಸುವುದು ಅನ್ಯಾಯವಷ್ಟೇ ಅಲ್ಲ, ಅಜ್ಞಾನವೂ ಹೌದು.

ಬಾಗಿಲು ಸರಿಯಾಗಿರುವ ಮಕ್ಕಳೂ ಭೇದಿಯಾದಾಗ ಸತುವನ್ನು ಕಳೆದುಕೊಳ್ಳುತ್ತಾರೆ. ಇದಕ್ಕಾಗಿಯೇ ಓ.ಆರ್.ಎಸ್. ಪೊಟ್ಟಣದೊಂದಿಗೆ ಜಿಂಕ್ ಮಾತ್ರೆಗಳನ್ನು ಕೊಡಲಾಗುತ್ತದೆ. ಎರಡು ತಿಂಗಳಿನಿಂದ ಆರು ತಿಂಗಳೊಳಗಿನ ಶಿಶುವಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕೂ ದೊಡ್ಡ ಮಗುವಿಗೆ 20 ಮಿಲಿಗ್ರಾಂ, ಹೀಗೆ 14 ದಿನ. ಮೂರನೆಯ ದಿನ ಭೇದಿ ನಿಂತಿತೆಂದು ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆಯುವ ಮನೆಗಳೇ ಹೆಚ್ಚು. ಉಳಿದ ದಿನಗಳ ಮಾತ್ರೆಯು ಬರಿದಾದ ಸತುವನ್ನು ತುಂಬಿಸುವುದರಿಂದ, ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವುದು ಕಡಿಮೆಯಾಗುತ್ತದೆ. ಆದರೆ ಹೇಳಿದ ಪ್ರಮಾಣವನ್ನು ಮೀರಬಾರದು. ಅತಿಯಾದ ಸತುವು ತಾಮ್ರವು ಮೈಗೂಡುವುದಕ್ಕೆ ಅಡ್ಡಿಯಾಗುತ್ತದೆ.

ಆರು ತಿಂಗಳು ತುಂಬಿದ ಮೇಲೆ ಕೊಡುವ ರಾಗಿ ಸರಿಗೆ ರಾಗಿಯನ್ನು ಮೊಳಕೆ ಬರಿಸಿಕೊಳ್ಳುವುದು ಮೇಲು. ಸತುವನ್ನು ಹಿಡಿದಿಟ್ಟುಕೊಳ್ಳುವ ಅಂಶವು ಮೊಳಕೆಯಿಂದ ತಗ್ಗುತ್ತದೆ. ಚಿಕ್ಕ ಶಿಶುವಿಗೆ ಮಾತ್ರೆಯನ್ನು ಚಮಚದಲ್ಲಿ ತಾಯಿಯ ಹಾಲಿನೊಡನೆ ಕರಗಿಸಿ ಕುಡಿಸಬಹುದು.