ಕೊಟ್ಟಿಗೆಯ ಕ್ಯಾಮೆರಾ, ಮನೆಯ ಟಿ.ವಿ.: ಕರು ಹಾಕುವ ರಾತ್ರಿಗೆ ಒಂದು ಕಾವಲು

ಹೈನುಗಾರ ಸಹೋದರಿಯರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಅಂಗಳ ಕಾಯಲೆಂದು ಕ್ಯಾಮೆರಾ ಹಾಕಿಸಿಕೊಂಡವರು ನಿಮ್ಮಲ್ಲಿ ಹಲವರಿದ್ದೀರಿ. ಅದರ ಜೊತೆ ಬರುವ ರೆಕಾರ್ಡರ್ ಪೆಟ್ಟಿಗೆಗೆ ಡಿ.ವಿ.ಆರ್. ಎನ್ನುತ್ತಾರೆ. ಆ ಪೆಟ್ಟಿಗೆಗೆ ಕೊಟ್ಟಿಗೆಯ ಒಂದು ಕ್ಯಾಮೆರಾವನ್ನೂ ಸೇರಿಸಿ ಮನೆಯ ಟಿ.ವಿ.ಗೆ ಜೋಡಿಸಿದರೆ, ತುಂಬು ಗಬ್ಬದ ಹಸುವನ್ನು ಒಳಗಿನಿಂದಲೇ ನೋಡುತ್ತಿರಬಹುದು. ಸುರಿಯುವ ಮಳೆಯಲ್ಲಿ ಬ್ಯಾಟರಿ ಹಿಡಿದು ಗಂಟೆಗೊಮ್ಮೆ ಕೊಟ್ಟಿಗೆಗೆ ಓಡುವುದು ತಪ್ಪುತ್ತದೆ. ಪದೇ ಪದೇ ಬೆಳಕು, ಜನ ಕಂಡು ಹಸು ಬೆದರುವುದೂ ತಪ್ಪುತ್ತದೆ.

ಕ್ಯಾಮೆರಾ ಎಲ್ಲಿರಬೇಕು?

ಹಸುವಿನ ಹಿಂಭಾಗ ಮತ್ತು ಬಾಲದ ಬುಡ ಕಾಣುವಂತೆ, ಹಿಂದಿನಿಂದ ಓರೆಯಾಗಿ, ಕೊಂಬಿಗೆ ಎಟುಕದ ಎತ್ತರದಲ್ಲಿರಲಿ. ಬಲ್ಬಿಗೆ ಎದುರಾಗಿ ಬೇಡ. ಬಚ್ಚಲ ಕಡೆ, ಪಕ್ಕದ ಮನೆಯ ಕಡೆ ತಿರುಗಿರಬಾರದು. ವೈರನ್ನು ಪೈಪಿನೊಳಗೆ ಎಳೆಸಿ, ಇಲಿ ಕಡಿಯುವುದಿಲ್ಲ. ಕ್ಯಾಮೆರಾ ವೈರು ದೂರದವರೆಗೆ ಬರಬಲ್ಲದು, ಆದರೆ ಟಿ.ವಿ.ಗೆ ಹೋಗುವ ಎಚ್.ಡಿ.ಎಂ.ಐ. ಕೇಬಲ್ ಗಿಡ್ಡವಿದ್ದಷ್ಟೂ ಒಳ್ಳೆಯದು. ಹಾಗಾಗಿ ರೆಕಾರ್ಡರ್ ಟಿ.ವಿ. ಪಕ್ಕದಲ್ಲೇ ಇರಲಿ.

ಜೋಡಿಸುವ ಕ್ರಮ

1. ಟಿ.ವಿ., ರೆಕಾರ್ಡರ್ ಎರಡರ ಸ್ವಿಚ್ಚನ್ನೂ ಆರಿಸಿ.

2. ಕೊಟ್ಟಿಗೆಯಿಂದ ಬಂದ ವೈರಿನ ದುಂಡನೆಯ ತುದಿಯನ್ನು ರೆಕಾರ್ಡರ್ ಹಿಂದಿನ ದುಂಡನೆಯ ಕಿಂಡಿಗೆ ಒತ್ತಿ, ಬಲಕ್ಕೆ ತಿರುಗಿಸಿ ಬಿಗಿ ಮಾಡಿ.

3. ಎಚ್.ಡಿ.ಎಂ.ಐ. ಕೇಬಲ್ಲಿನ ಒಂದು ತುದಿ ರೆಕಾರ್ಡರಿಗೆ, ಇನ್ನೊಂದು ಟಿ.ವಿ.ಗೆ. ಟಿ.ವಿ.ಯ 1ನೇ ಕಿಂಡಿಯಲ್ಲಿ ಸೆಟ್‌ಟಾಪ್ ಬಾಕ್ಸ್ ಇದ್ದರೆ ಅದನ್ನು ಕೀಳಬೇಡಿ, 2ನೇ ಕಿಂಡಿಗೆ ಹಾಕಿ. ತುದಿಯ ಆಕಾರ ನೋಡಿ ಹಾಕಿ, ಬಲವಂತ ಬೇಡ.

4. ಎರಡನ್ನೂ ಚಾಲೂ ಮಾಡಿ. ಟಿ.ವಿ. ರಿಮೋಟಿನಲ್ಲಿ ‘ಸೋರ್ಸ್’ ಅಥವಾ ‘ಇನ್‌ಪುಟ್’ ಗುಂಡಿ ಒತ್ತಿ, ‘ಎಚ್.ಡಿ.ಎಂ.ಐ. 2’ ಆರಿಸಿ. ರೆಕಾರ್ಡರ್ ಏಳಲು ಒಂದೆರಡು ನಿಮಿಷ ಕೊಡಿ.

5. ಪರದೆಯಲ್ಲಿ ಚೌಕಗಳು ಬಂದ ಮೇಲೆ ಮೌಸ್‌ನಿಂದ ಕೊಟ್ಟಿಗೆಯ ಚೌಕವನ್ನು ಎರಡು ಸಲ ಒತ್ತಿದರೆ ಅದೊಂದೇ ದೊಡ್ಡದಾಗುತ್ತದೆ.

6. ಪರದೆಯ ತಾರೀಕು, ಗಂಟೆ ಸರಿ ಇದೆಯೇ ನೋಡಿ. ಇದು ಏಕೆ ಮುಖ್ಯವೆಂದು ಮುಂದೆ ತಿಳಿಯುತ್ತದೆ.

ಹಳೆಯ ಡಬ್ಬಾ ಟಿ.ವಿ. ಇದ್ದರೆ ಹಳದಿ, ಬಿಳಿ, ಕೆಂಪು ಕಿಂಡಿಗಳಿರುತ್ತವೆ. ಆಗ ‘ಎಚ್.ಡಿ.ಎಂ.ಐ.ನಿಂದ ಎ.ವಿ.ಗೆ’ ಬದಲಿಸುವ ಚಿಕ್ಕ ಪೆಟ್ಟಿಗೆ ಬೇಕು. ಇದನ್ನೇ ಹೋಲುವ, ಉಲ್ಟಾ ಕೆಲಸ ಮಾಡುವ ಪೆಟ್ಟಿಗೆಯೂ ಅಂಗಡಿಯಲ್ಲಿರುತ್ತದೆ, ಕೇಳಿಯೇ ಕೊಳ್ಳಿ. ಚಿತ್ರ ಬರುವುದು ಹಳದಿ ಕಿಂಡಿಯಿಂದ.

ಚಿತ್ರ ಬಾರದಿದ್ದರೆ

ಇಡೀ ಪರದೆಯಲ್ಲಿ ‘ನೋ ಸಿಗ್ನಲ್’ ಎಂದಿದ್ದರೆ ತೊಂದರೆ ಟಿ.ವಿ. ಮತ್ತು ರೆಕಾರ್ಡರ್ ನಡುವೆ. ಸೋರ್ಸ್ ಸರಿ ಇದೆಯೇ, ಕೇಬಲ್ ಸಡಿಲವೇ ನೋಡಿ. ಚೌಕಗಳು ಬಂದು ಕೊಟ್ಟಿಗೆಯ ಚೌಕದಲ್ಲಿ ಮಾತ್ರ ‘ವಿಡಿಯೋ ಲಾಸ್’ ಎಂದಿದ್ದರೆ ಟಿ.ವಿ. ಸರಿಯಾಗಿಯೇ ಇದೆ, ಕ್ಯಾಮೆರಾದ ವೈರು ಅಥವಾ ಕರೆಂಟು ನೋಡಿ. ರಾತ್ರಿ ಚಿತ್ರ ಬೆಳ್ಳಗೆ ಮಂಜಾದರೆ ಹೆಚ್ಚಾಗಿ ಕಾರಣ ಜೇಡರ ಬಲೆ, ಒಣ ಬಟ್ಟೆಯಲ್ಲಿ ಗಾಜು ಒರೆಸಿ.

ಸಿಡಿಲಿನ ಕಾಲದಲ್ಲಿ ಪ್ಲಗ್ ಕಿತ್ತರೆ ಸಾಲದು. ಕೊಟ್ಟಿಗೆಯಿಂದ ಬಂದ ವೈರಿನ ಮೂಲಕವೂ ಸಿಡಿಲಿನ ಹೊಡೆತ ಮನೆಯೊಳಗೆ ಬರಬಹುದು. ಮೋಡ ಕಟ್ಟುವಾಗಲೇ ಆ ವೈರನ್ನೂ ಡಿಶ್ ವೈರನ್ನೂ ಬಿಚ್ಚಿಡಿ. ಗುಡುಗು ತಲೆಯ ಮೇಲೆ ಬಂದ ನಂತರ ವೈರು ಮುಟ್ಟಬೇಡಿ.

ಟಿ.ವಿ.ಯಲ್ಲಿ ಏನು ನೋಡಬೇಕು?

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ಕೃತಕ ಗರ್ಭಧಾರಣೆ ಮಾಡಿಸಿದ ದಿನದಿಂದ ಲೆಕ್ಕ ಹಾಕಿ, 270ನೇ ದಿನದಿಂದ ಕಾವಲು ಶುರು ಮಾಡಿ. ಬಾಲದ ಬುಡದ ಎರಡೂ ಕಡೆ ಕುಸಿದು, ಕೆಚ್ಚಲು ಬಿಗಿದಿದ್ದರೆ ದಿನ ಹತ್ತಿರ.

ಮೊದಲು ಹಸು ಏಳುವುದು, ಮಲಗುವುದು, ಬಾಲ ಎತ್ತುವುದು, ಹೊಟ್ಟೆಯ ಕಡೆ ತಿರುಗಿ ನೋಡುವುದು ಮಾಡುತ್ತದೆ. ಇದು ಸಾಮಾನ್ಯವಾಗಿ 2ರಿಂದ 6 ಗಂಟೆ, ಚೊಚ್ಚಲ ಹಸುವಿನಲ್ಲಿ ಇನ್ನೂ ಹೆಚ್ಚು ಹೊತ್ತು. ನಂತರ ನೀರಿನ ಚೀಲ ಕಾಣುತ್ತದೆ. ಚೀಲ ಕಂಡ ಗಂಟೆಯನ್ನು ಪರದೆಯಿಂದ ಬರೆದಿಟ್ಟುಕೊಳ್ಳಿ. ಅಲ್ಲಿಂದ ಒಂದು ಗಂಟೆ ಮುಕ್ಕಿದರೂ ಕರು ಮುಂದೆ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ವೈದ್ಯರಿಗೆ ಫೋನ್ ಮಾಡಿ. ‘ಎಷ್ಟು ಹೊತ್ತಾಯಿತು?’ ಎಂಬುದೇ ನಾವು ಕೇಳುವ ಮೊದಲ ಪ್ರಶ್ನೆ.

ಚೀಲ ಕಂಡ ಕೂಡಲೇ ಕೊಟ್ಟಿಗೆಗೆ ಹೋಗಿ. ರಾತ್ರಿಯ ಚಿತ್ರ ಕಪ್ಪು-ಬಿಳುಪು, ರಕ್ತವೋ ಲೋಳೆಯೋ ಟಿ.ವಿ.ಯಲ್ಲಿ ತಿಳಿಯದು. ಎರಡು ಮುಂಗಾಲು, ಅದರ ಮೇಲೆ ಮೂತಿ, ಗೊರಸಿನ ಅಡಿ ಕೆಳಮುಖ: ಇದು ಸರಿಯಾದ ಸ್ಥಿತಿ. ಒಂದೇ ಕಾಲು, ಬರೀ ಬಾಲ, ಅಥವಾ ಗೊರಸಿನ ಅಡಿ ಮೇಲ್ಮುಖ ಕಂಡರೆ ಗಂಟೆಯನ್ನೂ ಕಾಯದೆ ಕರೆಯಿರಿ. ನಾಲ್ಕು ಜನ ಸೇರಿ ಎಳೆಯಬೇಡಿ. ಮಲೆನಾಡು ಗಿಡ್ಡ ಹಸುವಿಗೆ ಎಚ್.ಎಫ್. ಅಥವಾ ಜರ್ಸಿ ವೀರ್ಯ ಕೊಡಿಸಿದ್ದರೆ ಕರು ದೊಡ್ಡದಾಗಿ ಸಿಕ್ಕಿಕೊಳ್ಳಬಹುದು, ಅಲ್ಲಿ ಎಚ್ಚರ ಹೆಚ್ಚಿರಲಿ. ಸಂಘದ ಕಾರ್ಯದರ್ಶಿಯ ನಂಬರು, ಪಶು ವೈದ್ಯರ ನಂಬರು ಮತ್ತು ಸಂಚಾರಿ ಪಶು ಚಿಕಿತ್ಸಾಲಯದ 1962 ಸಂಖ್ಯೆಯನ್ನು ಟಿ.ವಿ. ಪಕ್ಕದ ಗೋಡೆಗೆ ಅಂಟಿಸಿಡಿ.

ಕರು ಹಾಕಿದ ಮೇಲೂ ಮೂರು ದಿನ ಟಿ.ವಿ. ನೋಡುತ್ತಿರಿ. ಹಸು ಏಳಲಾರದೆ, ಕುತ್ತಿಗೆ ತಿರುಚಿ ತಲೆಯನ್ನು ಪಕ್ಕೆಗೆ ಇಟ್ಟು ಮಲಗಿದರೆ ಅದು ಹಾಲುಜ್ವರ ಇರಬಹುದು. ಬಾಯಿಗೆ ಏನನ್ನೂ ಹೊಯ್ಯದೆ ತಕ್ಷಣ ವೈದ್ಯರನ್ನು ಕರೆಯಿರಿ. 12 ಗಂಟೆ ಕಳೆದರೂ ಸತ್ತೆ ಬೀಳದಿದ್ದರೂ ತಿಳಿಸಿ.

ರೆಕಾರ್ಡರಿನ ಇನ್ನೊಂದು ಉಪಯೋಗ

ಎಷ್ಟೋ ಹಸುಗಳು ಬೆದೆಯ ಲಕ್ಷಣ ತೋರುವುದು ರಾತ್ರಿಯಲ್ಲೇ. ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಹಿಂದಿನ ರಾತ್ರಿಯ ರೆಕಾರ್ಡಿಂಗನ್ನು ವೇಗವಾಗಿ ಓಡಿಸಿ ನೋಡಿ. ಹಸು ಮಲಗದೆ ಚಡಪಡಿಸಿದ್ದರೆ, ಪದೇ ಪದೇ ಉಚ್ಚೆ ಹೊಯ್ದಿದ್ದರೆ ಹತ್ತಿರ ಹೋಗಿ ಲೋಳೆ ಪರೀಕ್ಷಿಸಿ. ಬೆಳಿಗ್ಗೆ ಬೆದೆ ಶುರುವಾದರೆ ಅದೇ ಸಂಜೆ, ಸಂಜೆ ಅಥವಾ ರಾತ್ರಿ ಶುರುವಾಗಿದ್ದರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಮೇವು ದಂಡ.

ಕೊನೆಯದಾಗಿ, ಟಿ.ವಿ. ಮನೆಯವರೆಲ್ಲರದು, ರಾತ್ರಿಯ ಕಾವಲೂ ಎಲ್ಲರದಾಗಲಿ. ಹನ್ನೆರಡರವರೆಗೆ ಮಕ್ಕಳು, ಮೂರರವರೆಗೆ ಯಜಮಾನರು, ಆಮೇಲೆ ನೀವು. ಬೆಳಗಿನ ಹಾಲು ಕರೆಯುವುದು ಹೇಗೂ ನಿಮ್ಮದೇ, ನಿಮಗೂ ನಿದ್ದೆ ಬೇಕು.